ಜಡೆಸ್ವಾಮಿ ಮೇಷ್ಟ್ರ ತರ್ಜುಮೆ

ತಿಲಕವತಿ ಮೇಡಂಗೆ ಕನ್ನಡ ಬರುವುದಿಲ್ಲ. ನನಗಿದ್ದದ್ದು ಅದೊಂದೇ ಧೈರ್ಯ.

ಅವರು ಘಟ್ಟದ ಕೆಳಗಿನ ನಮ್ಮ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಲೆಕ್ಚರರ್. ನಾನು ಅಲ್ಲಿ ಎರಡು ವರ್ಷ ಓದಿ, ಬರೆಯುವ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಪಾಠ ಮಾಡಿ ತೋರಿಸುವ ಒಂದೇ ಒಂದು ಪರೀಕ್ಷೆಯಲ್ಲಿ ಫೇಲಾದವಳು. ಹೋದ ವರ್ಷ ಸತ್ಯಮಂಗಲದ ಕಡೆಯ ಒಂದು ತಮಿಳು ಶಾಲೆಯಲ್ಲಿ ಇದೇ ಮೇಡಂ ಎದುರು ನಲವತ್ತು ನಿಮಿಷದ ಪಾಠವನ್ನು ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿದ್ದೆ. ನಡುವೆ ಒಬ್ಬ ಹುಡುಗಿ ಎದ್ದು ಏನೋ ಕೇಳಿದಳು. ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಕೇಳಿಸದವಳ ಹಾಗೆ ಮುಂದೆ ಹೋದೆ. ಮೇಡಂ ಕೆಂಪು ಪೆನ್ನಿನಲ್ಲಿ, ತಮಿಳಿನಲ್ಲಿ, ಒಂದೇ ಸಾಲು ಬರೆದರು: ತರಗತಿಯಲ್ಲಿ ಮಕ್ಕಳಿದ್ದಾರೆ ಎಂಬುದು ಇವಳಿಗೆ ತಿಳಿದಿಲ್ಲ.

ಆ ಸಾಲನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಘಟ್ಟದ ಮೇಲಿನ, ತಮಿಳು ಸೀಮೆಗೆ ಸೇರಿದರೂ ಕನ್ನಡವನ್ನೇ ಆಡುವ ನಮ್ಮೂರು ಗೆಟ್ಟವಾಡಿಯಲ್ಲಿ ನನ್ನನ್ನು ಆಗಲೇ ಟೀಚರಮ್ಮ ಎಂದು ಕರೆಯತೊಡಗಿದ್ದರು. ಅವ್ವ ರಾಚಮ್ಮ ಕೇಳಿದವರಿಗೆಲ್ಲ "ರಿಸಲ್ಟು ಇನ್ನೂ ಬುಟ್ಟಿಲ್ಲ" ಎನ್ನುತ್ತಿದ್ದಳು. ಒಂದು ವರ್ಷ ಯಾವ ರಿಸಲ್ಟು ಬಿಡದೆ ಇರುತ್ತದೆ? ಕೇಳಿದವರಿಗೂ ಗೊತ್ತಿತ್ತು. ಆದರೂ ಟೀಚರಮ್ಮ ಎನ್ನುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಹಾಗೆ ಕರೆದರೆ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಮತ್ತೆ ಫೇಲಾದರೆ ಇನ್ನೊಂದು ವರ್ಷ ಹೋಗುತ್ತದೆ ಎನ್ನುವುದಲ್ಲ ಭಯ. ಮತ್ತೆ ಫೇಲಾದರೆ ಆ ಸಾಲು ನಿಜವಾಗುತ್ತದೆ.

ಎರಡನೇ ಸಲಕ್ಕೆ ಕನ್ನಡ ಮಾಧ್ಯಮದ ಶಾಲೆಯೇ ಬೇಕೆಂದು ಬರೆದುಕೊಟ್ಟೆ. ಪಣಕಹಳ್ಳಿಯ ಕಡೆ ಬಸ್ಸಿಳಿದು, ಮೆಕ್ಕೆಜೋಳದ ಹೊಲಗಳ ನಡುವೆ ಅರ್ಧ ಗಂಟೆ ನಡೆದರೆ ಸಿಗುವ ಎರಡು ಕೋಣೆಯ ಶಾಲೆ. ಮೂವತ್ತೊಂದು ಮಕ್ಕಳು, ಐದು ತರಗತಿ. ಒಂದು, ಎರಡು, ಮೂರು ಒಂದು ಕೋಣೆಯಲ್ಲಿ. ನಾಲ್ಕು, ಐದು ಇನ್ನೊಂದರಲ್ಲಿ. ಇಬ್ಬರು ಶಿಕ್ಷಕರು. ಅವರಲ್ಲಿ ಮಾಲಿನಿ ಟೀಚರ್ ವರ್ಷದ ಅರ್ಧ ಭಾಗ ಯಾವುದೋ ತರಬೇತಿಗೆ ಹೋಗಿರುತ್ತಾರೆ. ಉಳಿದವರು ಹೆಡ್ಮೇಷ್ಟ್ರು ಜಡೆಸ್ವಾಮಿ. ಬರುವ ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿ. ಬಲಗಿವಿ ಮಂದ. ಅದರಿಂದಲೋ ಏನೋ, ಅವರ ಪಿಸುಮಾತು ಅಂಗಳದಲ್ಲಿ ನಿಂತವರಿಗೂ ಕೇಳುತ್ತದೆ.

ಪರೀಕ್ಷೆಗೆ ಮುಂಚೆ ಅಭ್ಯಾಸಕ್ಕೆಂದು ನಾನು ಅಲ್ಲಿ ಪಾಠ ಶುರುಮಾಡಿದ ಮೂರನೇ ದಿನವೇ ಅವರು ಹೇಳಿದ್ದರು: "ಗೋಡ್ಗ ಪಾಠ ಮಾಡ್ತಾ ಇದ್ದೀಯಲ್ಲವ್ವ. ಗೋಡೆ ಪಾಸಾಯ್ತದ ಬುಡು. ಐಕ್ಳು?"

"ಯೋಜನೆ ಪ್ರಕಾರ ಮಾಡ್ತಿದ್ದೀನಿ ಸಾರ್."

"ಯೋಜನೆ ಓದ್ದೋಳು ನೀನು. ಐಕ್ಳು ಓದಿಲ್ವಲ್ಲ."

ನಾನು ಮುಖ ಊದಿಸಿಕೊಂಡೆ. ಸಂಸ್ಥೆಯಲ್ಲಿ ನಮಗೆ ಕಲಿಸಿದ್ದು ಅದನ್ನೇ: ಪೀಠಿಕೆ, ಉದ್ದೇಶ ಕಥನ, ವಿಷಯ ನಿರೂಪಣೆ, ಮೌಲ್ಯಮಾಪನ, ಮನೆಗೆಲಸ. ಥರ್ಮೊಕೋಲು ಕೊಯ್ಯುವುದು, ಬಣ್ಣದ ಕಾಗದ ಅಂಟಿಸುವುದು. ಪಾಠದ ಅಭ್ಯಾಸಕ್ಕೆ ಗೆಳತಿಯರೇ ನಾಲ್ಕನೇ ತರಗತಿಯ ಮಕ್ಕಳಾಗಿ ಕೂರುತ್ತಿದ್ದರು. ಅವರಲ್ಲಿ ಯಾರೂ ತಪ್ಪು ಉತ್ತರ ಹೇಳುತ್ತಿರಲಿಲ್ಲ. ಹೇಳಿದರೆ ತಮ್ಮ ಸರದಿಯಲ್ಲಿ ನಾವೂ ಹೇಳುತ್ತೇವೆಂಬ ಹೆದರಿಕೆ. ಎರಡು ವರ್ಷ ನಾನು ಒಂದೂ ತಪ್ಪು ಉತ್ತರ ಕೇಳದೆ ಟೀಚರ್ ಆಗುವುದನ್ನು ಕಲಿತೆ.

ಪರೀಕ್ಷೆಯ ದಿನ ತಿಲಕವತಿ ಮೇಡಂ ಬಂದಾಗ ಹತ್ತೂವರೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಅವರ ಮುಖದಲ್ಲಿತ್ತು. ಮಲ್ಲಿಗಮ್ಮ, ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ನಿಂಬೆಹಣ್ಣಿನ ಪಾನಕ ತಂದುಕೊಟ್ಟರು. ಮೇಡಂ ಕುಡಿದು, ಸೀರೆಯ ಸೆರಗು ಸರಿಮಾಡಿಕೊಂಡು, ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂತರು. ನನ್ನ ದಾಖಲೆ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡರು. ಪಾಠ ಯೋಜನೆಯನ್ನು ನಾವು ತಮಿಳಿನಲ್ಲಿ ಬರೆಯಬೇಕು, ಪಾಠವನ್ನು ಕನ್ನಡದಲ್ಲಿ ಮಾಡಬೇಕು. ನನ್ನ ಲೆಕ್ಕ ಸುಲಭವಾಗಿತ್ತು. ಬರೆದದ್ದು ಚೆನ್ನಾಗಿದೆ. ಆಡುವುದು ಅವರಿಗೆ ತಿಳಿಯುವುದಿಲ್ಲ. ನಲವತ್ತು ನಿಮಿಷ ನಿಲ್ಲದೆ ಮಾತಾಡಿದರೆ ಆಯಿತು.

ಅಷ್ಟರಲ್ಲಿ ಮೇಡಂ ತಮಿಳಿನಲ್ಲಿ ಹೇಳಿದರು, "ಸಾರ್, ನೀವು ಪಕ್ಕದಲ್ಲಿ ಕೂತು ಇವಳು ಹೇಳಿದ್ದನ್ನು ನನಗೆ ತಮಿಳಿನಲ್ಲಿ ಹೇಳುತ್ತಾ ಹೋಗಿ."

ಮೇಷ್ಟ್ರು ಇನ್ನೊಂದು ಕುರ್ಚಿ ಎಳೆದುಕೊಂಡರು. ನನ್ನ ಲೆಕ್ಕ ಅಲ್ಲಿಗೇ ತಪ್ಪಿತು.

ನಾಲ್ಕನೇ ತರಗತಿ, ಗಣಿತ, ಭಿನ್ನರಾಶಿ: ಅರ್ಧ. ಐದನೆಯವರಿಗೆ ಆ ಕಡೆ ತಿರುಗಿ ಕೂತು ಕಾಪಿ ಬರೆಯಲು ಹೇಳಿದ್ದೆ. ಥರ್ಮೊಕೋಲಿನ ದುಂಡನೆಯ ತಟ್ಟೆಯನ್ನು ಎತ್ತಿ ಹಿಡಿದೆ.

"ಮಕ್ಕಳೇ, ಇದು ಏನು?"

"ರೊಟ್ಟಿ!"

ಯೋಜನೆಯಲ್ಲಿ ನಿರೀಕ್ಷಿತ ಉತ್ತರ ಎಂಬ ಕಾಲಮ್ಮಿನಲ್ಲಿ ವೃತ್ತ ಎಂದಿತ್ತು. "ಇದು ವೃತ್ತ" ಎಂದೆ ನಾನು.

ಹಿಂದಿನಿಂದ ಮೇಷ್ಟ್ರ ತಮಿಳು ಬಂತು, ಅವರ ಪಿಸುಮಾತಿನ ಗಾತ್ರದಲ್ಲಿ. "ಇದೇನು ಎಂದು ಕೇಳಿದಳು. ಮಕ್ಕಳು ರೊಟ್ಟಿ ಎಂದರು. ಸರಿ, ರೊಟ್ಟಿ ಎಂದೇ ಇಟ್ಟುಕೊಳ್ಳೋಣ ಎಂದಳು."

ನಾನು ಹಾಗೆ ಹೇಳಿರಲಿಲ್ಲ. ಮೇಷ್ಟ್ರಿಗೆ ಕಿವಿ ಮಂದವಲ್ಲವೇ, ತಪ್ಪು ಕೇಳಿಸಿರಬೇಕು ಎಂದುಕೊಂಡೆ. ಮುಂದೆ ಹೋದೆ. "ವೃತ್ತವನ್ನು ಎರಡು ಸಮಭಾಗ ಮಾಡಿದರೆ ಒಂದು ಭಾಗಕ್ಕೆ ಅರ್ಧ ಎನ್ನುತ್ತೇವೆ."

"ಈ ರೊಟ್ಟಿಯನ್ನು ನೀನು, ನಿನ್ನ ಅಣ್ಣ ಹಂಚಿಕೊಂಡರೆ ನಿನಗೆಷ್ಟು ಎಂದು ಸ್ಪಂದನಳನ್ನು ಕೇಳುತ್ತಿದ್ದಾಳೆ" ಎಂದರು ಮೇಷ್ಟ್ರು ತಮಿಳಿನಲ್ಲಿ.

ಈ ಮೇಲ್ನಾಡಿನ ಮಕ್ಕಳಿಗೆ ತಮಿಳು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು, ಸಂತೆ, ಟಿವಿ ಹೇಳಿಕೊಟ್ಟಿರುತ್ತವೆ. ತನ್ನ ಹೆಸರು ಕೇಳಿದ ಕೂಡಲೇ ಮೊದಲ ಸಾಲಿನ ಸ್ಪಂದನ ಎದ್ದು ನಿಂತಳು.

"ಚಿಕ್ಕರ್ಧ ಟೀಚರ್."

ನಾನು ಕೇಳದ ಪ್ರಶ್ನೆಗೆ ಉತ್ತರ ಬಂದಿತ್ತು. ಏನು ಮಾಡುವುದು? ಬಾಯಿಂದ ಬಂದದ್ದು ಒಂದೇ ಮಾತು: "ಏನಂದೆ?"

"ಚಿಕ್ಕರ್ಧ. ದೊಡ್ಡರ್ಧ ನಮ್ಮಣ್ಣಂಗ. ಅವ್ನು ಒಲಕ್ಕ ಓಯ್ತಾನಲ್ಲ, ಅದ್ಕ."

ಯೋಜನೆಯ ಮುಂದಿನ ಸಾಲು ನನ್ನ ನಾಲಿಗೆಯ ಮೇಲಿತ್ತು. ಕೂತುಕೋ ಎಂದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಆಗಲೇ ಶುರುಮಾಡಿದ್ದರು: "ಅರ್ಧದಲ್ಲಿ ದೊಡ್ಡದು ಚಿಕ್ಕದು ಅಂತ ಇರುತ್ತದಾ ಎಂದು ಈಗ ಎಲ್ಲರನ್ನೂ ಕೇಳುತ್ತಾಳೆ."

ಕೇಳುತ್ತಾಳೆ. ಕೇಳಿದಳು ಅಲ್ಲ. ಅಷ್ಟು ಹೇಳಿ ಅವರು ನನ್ನ ಮುಖ ನೋಡಿದರು. ಕಿವಿಯ ತಪ್ಪಲ್ಲ ಇದು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಕೇಳಲೇಬೇಕಾಯಿತು.

"ಅರ್ಧದಲ್ಲಿ ದೊಡ್ಡದು, ಚಿಕ್ಕದು ಅಂತ ಇರ್ತದಾ?"

"ಇರ್ತದ ಟೀಚರ್" ಎಂದ ಉಮಾಶಂಕರ, ಕಿಟಕಿಯ ಪಕ್ಕದವನು. "ನಮ್ಮನೆಲೂ ಅದ."

"ಅಂಗಿದ್ರ ಅದು ಅರ್ಧ ಅಲ್ಲ ಕಣ್ಲಾ" ಎಂದಳು ಅವನ ಹಿಂದೆ ಕೂತಿದ್ದ ಸಂಗೀತ.

"ಮತ್ತೇನಮ್ಮಿ?"

"ಮೋಸ."

ತರಗತಿ ಗೊಳ್ಳೆಂದಿತು. ಕಾಪಿ ಬರೆಯುತ್ತಿದ್ದ ಐದನೆಯವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು. ಮೇಷ್ಟ್ರು ತರ್ಜುಮೆ ಮಾಡಿದ ಮೇಲೆ ಮೇಡಂ ಕೂಡ ನಕ್ಕರು. ಅವರು ನಗುವುದನ್ನು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಮೇಷ್ಟ್ರ ತಮಿಳು ಒಂದು ಹೆಜ್ಜೆ ಮುಂದೆ, ನನ್ನ ಕನ್ನಡ ಒಂದು ಹೆಜ್ಜೆ ಹಿಂದೆ. "ಅಣ್ಣನಿಗೂ ತಂಗಿಗೂ ಜಗಳ ಬರದಂತೆ ಕೊಯ್ಯುವುದು ಹೇಗೆಂದು ಕೇಳುತ್ತಾಳೆ." ಕೇಳಿದೆ. "ಒಬ್ಬರು ಕೊಯ್ದರೆ ಇನ್ನೊಬ್ಬರು ಆರಿಸಿಕೊಳ್ಳಲಿ ಎಂದು ಮಕ್ಕಳು ಹೇಳುವವರೆಗೂ ಕಾಯುತ್ತಾಳೆ." ಕಾದೆ. ಹೇಳಿದರು! ಉಮಾಶಂಕರನೇ ಹೇಳಿದ. ನಾನು ಇನ್ನೂ ಮಾಡದ ನನ್ನ ಪಾಠದ ತರ್ಜುಮೆಯನ್ನು ಮರಳಿ ಕನ್ನಡಕ್ಕೆ ತರ್ಜುಮೆ ಮಾಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಸುಖವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಹೇಗಾಗುತ್ತವೋ, ಆಗುತ್ತಿದ್ದವು. ಥರ್ಮೊಕೋಲಿನ ತಟ್ಟೆ ಯಾವಾಗಲೋ ನೆಲಕ್ಕೆ ಬಿದ್ದಿತ್ತು.

ಪಾಠ ಮುಗಿದಾಗ ಹನ್ನೊಂದೂ ಐವತ್ತು. ಮೇಡಂ ದಾಖಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಅಂಕ ತುಂಬುವ ಹಾಳೆ ತೆಗೆದರು.

"ಯೋಜನೆಯಲ್ಲಿ ಇದ್ಯಾವುದೂ ಇಲ್ಲವಲ್ಲಮ್ಮ" ಎಂದರು ತಮಿಳಿನಲ್ಲಿ.

"ಇಲ್ಲ ಮೇಡಂ."

"ಅಲ್ಲೇ ನಿಂತು ಹೊಳೆಸಿಕೊಂಡೆಯಾ?"

ಹೌದು ಎನ್ನಬಹುದಿತ್ತು. ಮೇಷ್ಟ್ರು ಕಿಟಕಿಯ ಹೊರಗೆ ಬೇಲಿಯನ್ನು ನೋಡುತ್ತಿದ್ದರು, ಅದರಲ್ಲಿ ತುಂಬಾ ಕುತೂಹಲದ ಸಂಗತಿ ಇರುವವರ ಹಾಗೆ. ಮೇಡಂ ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಆದರೆ ನಾಲ್ಕನೇ ತರಗತಿಯ ಏಳು, ಐದನೇ ತರಗತಿಯ ಆರು, ಒಟ್ಟು ಹದಿಮೂರು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಪೂಜ ಎಂಬ ಐದನೇ ತರಗತಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಮೇಷ್ಟ್ರ ತಮಿಳಿನದು, ನನ್ನ ಕನ್ನಡದ್ದು, ಎರಡೂ ಪಾಠ ಕೇಳಿದವರು ಅವರು. ಯಾರು ಮೊದಲು ಕೇಳಿದರು, ಯಾರು ಆಮೇಲೆ ಕೇಳಿದರು ಎಂದು ಪೂರ್ತಿ ಗೊತ್ತಿದ್ದವರು. ನಾಳೆ ಬೆಳಿಗ್ಗೆ ಇವರ ಎದುರಿಗೇ ನಾನು ನಿಲ್ಲಬೇಕು.

"ನಾನಲ್ಲ ಮೇಡಂ" ಎಂದೆ. "ಪ್ರಶ್ನೆಗಳೆಲ್ಲ ಸಾರ್‌ದು. ಅವರು ನಿಮಗೆ ಹೇಳಿದ್ದನ್ನು ಕೇಳಿಕೊಂಡು ನಾನು ಮಕ್ಕಳಿಗೆ ಹೇಳಿದೆ."

ಅವ್ವನ ಮುಖ ಕಣ್ಣೆದುರು ಬಂತು. ರಿಸಲ್ಟು ಇನ್ನೂ ಬುಟ್ಟಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ನನಗೆ ಕನ್ನಡ ಬರಲ್ಲ, ಗಡಿಯಾರ ನೋಡಲು ಬರುತ್ತೆ. ನಾಲ್ಕು ಸಲ ಇವರ ತಮಿಳು ನಿನ್ನ ಕನ್ನಡಕ್ಕಿಂತ ಮೊದಲು ಬಂತು." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಇದು ಪರೀಕ್ಷೆ ಸಾರ್. ನೀವು ಮಾಡಿದ್ದು ತಪ್ಪಲ್ಲವೇ?"

"ತಪ್ಪೇ ಮೇಡಂ" ಎಂದರು ಮೇಷ್ಟ್ರು. ಎದ್ದು ನಿಂತಿದ್ದರು, ಅವರೇ ವಿದ್ಯಾರ್ಥಿಯಾದ ಹಾಗೆ. "ಆದರೆ ಒಂದು ಮಾತು. ನೀವು ಎಲ್ಲವನ್ನೂ ಪಾಠ ಮುಗಿದ ಮೇಲೆ ಕೆಂಪು ಇಂಕಿನಲ್ಲಿ ಹೇಳುತ್ತೀರಿ. ಅಷ್ಟೊತ್ತಿಗೆ ಮಕ್ಕಳು ಮನೆಗೆ ಹೋಗಿರುತ್ತಾರೆ. ನನಗೂ ಹಾಗೇ ಹೇಳಿದರು, ನಾನು ಸರಿಯಾಗಿ ಕಲಿಯಲು ಹದಿನೈದು ವರ್ಷ ಬೇಕಾಯಿತು. ಅಷ್ಟು ವರ್ಷದ ಮಕ್ಕಳ ಗತಿ? ತಪ್ಪುವ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಹೇಳಿದರೆ ಈ ಹುಡುಗಿಗೆ ಬರುತ್ತದಾ ಇಲ್ಲವಾ ನೋಡೋಣ ಅಂತ ಆಸೆಯಾಯಿತು. ಬಂತು. ನೋಡಿದರಲ್ಲ?"

ಮೇಡಂ ಅಂಕದ ಹಾಳೆಯನ್ನು ಮಡಿಸಿಟ್ಟರು.

"ನನ್ನ ಬಸ್ಸು ಮೂರೂವರೆಗೆ" ಎಂದರು. "ಊಟವಾದ ಮೇಲೆ ಕಾಲುಭಾಗ ಪಾಠ ಮಾಡಲಿ. ತರ್ಜುಮೆ ಬೇಡ. ನೀವು ಆ ಕೋಣೆಯಲ್ಲಿರಿ."

ಕಾಲುಭಾಗದ ಪಾಠ ನಾನು ಮರುದಿನಕ್ಕೆ ಇಟ್ಟುಕೊಂಡಿದ್ದೆ. ಯೋಜನೆ ಇಲ್ಲ, ಥರ್ಮೊಕೋಲು ಇಲ್ಲ. ಊಟಕ್ಕೆ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಲ್ಲಿಗಮ್ಮನನ್ನು ಕೇಳಿದೆ, "ಅಕ್ಕ, ಕೊಯ್ಯಕ್ಕ ಏನಾದ್ರೂ ಅದಾ?"

ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಆ ದಿನ ಇಬ್ಬರು ಬಂದಿರಲಿಲ್ಲ. ಮಲ್ಲಿಗಮ್ಮ ಎರಡು ಹಣ್ಣು, ಒಂದು ತಟ್ಟೆ, ಒಂದು ಚಾಕು ಕೊಟ್ಟು, "ನೀನೂ ಒಂದ್ಚೂರು ತಿನ್ನು, ಮೊಕ ಸುಣ್ಣ ಆಗದ" ಎಂದರು.

ಒಂದೂವರೆಗೆ ಶುರುಮಾಡಿದೆ. ಹಿಂದಿನ ಕುರ್ಚಿಯಲ್ಲಿ ಮೇಡಂ ಒಬ್ಬರೇ. ಪಕ್ಕದ ಕೋಣೆಯಿಂದ ಒಂದನೆಯವರಿಗೆ ಮಗ್ಗಿ ಹೇಳಿಕೊಡುವ ಮೇಷ್ಟ್ರ ದನಿ.

"ಅರ್ಧ ದೊಡ್ಡದೋ ಕಾಲು ದೊಡ್ಡದೋ?" ಇದು ನನ್ನದೇ ಪ್ರಶ್ನೆ. ಊಟದ ಹೊತ್ತಿನಲ್ಲಿ ಹುಡುಕಿಕೊಂಡದ್ದು.

"ಕಾಲು" ಎಂದ ಉಮಾಶಂಕರ. "ಅರ್ಧ ಅಂದ್ರ ಎರಡು ತುಂಡು. ಕಾಲು ಅಂದ್ರ ನಾಲ್ಕು. ನಾಲ್ಕು ದೊಡ್ದು."

ಆರು ಜನ ತಲೆಯಾಡಿಸಿದರು. ತಪ್ಪು ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಬಾಳೆಹಣ್ಣು ಸುಲಿದು, ಅಡ್ಡಡ್ಡ ನಾಲ್ಕು ತುಂಡು ಮಾಡಿ, ಒಂದನ್ನು ಅವನ ಅಂಗೈ ಮೇಲಿಟ್ಟೆ. "ನೋಡು, ಇದು ಕಾಲು. ಅರ್ಧ ಕೊಟ್ಟಿದ್ದರೆ ಇಂಥವು ಎರಡು ಸಿಕ್ಕುತ್ತಿದ್ದವು."

ಅವನು ತನ್ನ ತುಂಡನ್ನು ನೋಡಿದ, ತಟ್ಟೆಯಲ್ಲಿದ್ದ ಮೂರನ್ನು ನೋಡಿದ. "ಟೀಚರ್, ನಂಗ ತುದಿ ಕೊಟ್ಟಿದ್ದೀರ. ತುದಿ ಸಣ್ಣಗದ. ನಡುವಿಂದು ದಪ್ಪ."

"ಮೋಸ!" ಎಂದು ಸಂಗೀತ ಕೂಗಿದಳು. ಎಲ್ಲರೂ ಕೂಗಿದರು.

ನಿಜ. ಉದ್ದದಲ್ಲಿ ನಾಲ್ಕೂ ಒಂದೇ. ಆದರೆ ನಾಲ್ಕೂ ಒಂದೇ ಅಲ್ಲ. ಬೆಳಿಗ್ಗೆ ಇಂಥ ಜಾಗದಲ್ಲಿ ಹಿಂದಿನಿಂದ ದನಿ ಬರುತ್ತಿತ್ತು. ಈಗ ಮಗ್ಗಿ ಮಾತ್ರ ಬರುತ್ತಿತ್ತು: ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಚಾಕು ಮೇಜಿನ ಮೇಲಿಟ್ಟೆ.

"ನಂಗೂ ಗೊತ್ತಾಗ್ತಿಲ್ಲ ಕಣ್ರಪ್ಪ" ಎಂದೆ. "ಇನ್ನೊಂದು ಹಣ್ಣದೆ. ಹೆಂಗೆ ಕೊಯ್ಯದು, ನೀವೇ ಹೇಳಿ."

ಟೀಚರಿಗೆ ಗೊತ್ತಿಲ್ಲ ಎನ್ನುವುದು ಅವರಿಗೆ ಹೊಸ ಸುದ್ದಿ. ನಾಲ್ಕನೆಯವರೆಲ್ಲ ಎದ್ದು ಮೇಜಿನ ಸುತ್ತ ಬಂದುಬಿಟ್ಟರು. ಎರಡೂ ತುದಿ ಕೊಯ್ದು ಬಿಸಾಕಿ ಎಂದ ಉಮಾಶಂಕರ. ಬಿಸಾಕಿದರೆ ಪೂರ್ತಿ ಹಣ್ಣು ಎಲ್ಲಾಯಿತು ಎಂದರು ಉಳಿದವರು. ತುದಿಯದನ್ನು ಉದ್ದಕ್ಕೆ, ನಡುವಿನದನ್ನು ಗಿಡ್ಡಕ್ಕೆ ಕೊಯ್ಯಿರಿ ಎಂದಳು ಸ್ಪಂದನ. ಎಷ್ಟು ಉದ್ದ, ಎಷ್ಟು ಗಿಡ್ಡ? ಅವಳಿಗೂ ತಿಳಿಯದು. ಸಂಗೀತ ಹಣ್ಣನ್ನು ಕೈಗೆತ್ತಿಕೊಂಡು, ತುದಿಯಿಂದ ತೊಟ್ಟಿನವರೆಗೆ ಉಗುರಿನಿಂದ ಗೆರೆ ಎಳೆದಳು.

"ಇಂಗ್ ಸೀಳಿ ಟೀಚರ್. ನಮ್ಮವ್ವ ಬಜ್ಜಿಗ ಇಂಗೇ ಸೀಳದು. ತುದಿನೂ ಎಲ್ಲಾರ್ಗೂ, ನಡುನೂ ಎಲ್ಲಾರ್ಗೂ."

ಉದ್ದಕ್ಕೆ ಸೀಳಿದೆ. ಎರಡು. ಮತ್ತೆ ಒಂದೊಂದನ್ನೂ ಸೀಳಿದೆ. ಕೊನೆಯದು ಚಾಕುವಿನಡಿ ವಾಲಿ ಮುರಿಯಿತು. "ಮುರ್ದ್ರೂ ಕಾಲೇ" ಎಂದು ಉಮಾಶಂಕರ ಅದನ್ನೇ ತೆಗೆದುಕೊಂಡ. ಗಂಟೆ ನೋಡಿದರೆ ಎರಡೂ ಹದಿನೈದು. ಮೌಲ್ಯಮಾಪನ ಆಗಿರಲಿಲ್ಲ, ಮನೆಗೆಲಸ ಕೊಟ್ಟಿರಲಿಲ್ಲ, ಹಲಗೆಯ ಮೇಲೆ ಒಂದಕ್ಷರ ಇರಲಿಲ್ಲ.

ಮೇಡಂ ಎದ್ದುಬಂದು ಅದನ್ನೆಲ್ಲ ಒಂದೊಂದಾಗಿ ಹೇಳಿದರು. "ಐದನೆಯವರನ್ನು ಪೂರ್ತಿ ಮರೆತೆ. ನಲವತ್ತು ನಿಮಿಷ ಅವರು ಸುಮ್ಮನೆ ಕೂತಿದ್ದರು. ನೋಡಿದೆಯಾ?"

ನೋಡಿರಲಿಲ್ಲ.

"ಐವತ್ತಾರು ಕೊಟ್ಟಿದ್ದೇನೆ. ಪಾಸು. ಬೆಳಗಿನ ಪಾಠಕ್ಕೆ ಎಂಬತ್ತೈದು ಬರೆಯುವವಳಿದ್ದೆ."

ಬಾಗಿಲಲ್ಲಿ ಬಂದು ನಿಂತಿದ್ದ ಮೇಷ್ಟ್ರು ತಮಿಳಿನಲ್ಲಿ, "ಅಂದರೆ ಎಂಬತ್ತೈದು ನನಗೆ ಬಂತು" ಎಂದರು.

"ಬಂತು. ಇನ್ಸ್ಟಿಟ್ಯೂಟಿಗೆ ಬಂದು ನನ್ನ ವಿದ್ಯಾರ್ಥಿನಿಯರ ಹಿಂದೆ ಕೂತು ಪಿಸುಗುಟ್ಟಿ ಹೋಗಿ, ತಿಂಗಳಿಗೊಂದು ಸಲ."

"ಆ ತಿರುವುಗಳಲ್ಲಾ? ನನಗೆ ವಾಂತಿ ಬರುತ್ತದೆ ಮೇಡಂ. ಅವರನ್ನೇ ಇಲ್ಲಿಗೆ ಕಳಿಸಿ."

ಮೇಡಂ ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಹದಿನಾರು ವರ್ಷದಿಂದ ಭಿನ್ನರಾಶಿ ಪಾಠ ಮಾಡುವುದು ಹೇಗೆಂದು ಹೇಳಿಕೊಡುತ್ತಿದ್ದೇನೆ. ಬಾಳೆಹಣ್ಣಿನ ತುದಿ ಸಣ್ಣಗಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ." ಆಮೇಲೆ ಮೇಷ್ಟ್ರ ಜೊತೆ ಬಸ್ಸಿನ ದಾರಿ ಹಿಡಿದರು. ಅವ್ವನಿಗೆ ಫೋನು ಮಾಡಬೇಕು ಎಂದು ಮೊಬೈಲು ತೆಗೆದೆ.

"ಟೀಚರ್" ಎಂದಳು ಪೂಜ. ಐದನೆಯವಳು. ಎದ್ದು ನಿಂತಿದ್ದಳು. "ಮೂರು ಕಾಲು ತಿಂದ್ರ ಅದ್ಕ ಏನಂತಾರ?"

ಮೊಬೈಲು ಮೇಜಿನ ಮೇಲಿಟ್ಟೆ. ತೋರಿಸಲು ಹಣ್ಣು ಉಳಿದಿರಲಿಲ್ಲ. ಸೀಳಿದ ಹಣ್ಣು ತಿಂದ ನಾಲ್ವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದೆ. "ಐದನೆಯವರೂ ಬನ್ನಿ ಇತ್ತ." ಬಂದರು. "ಇವರು ನಾಲ್ವರೂ ಸೇರಿದರೆ ಏನು?"

"ಒಂದು ಹಣ್ಣು!"

ಸ್ಪಂದನಳ ಹೆಗಲು ಮುಟ್ಟಿ ಕೂರಿಸಿದೆ. "ಈಗ?"

"ಮೂರು" ಎಂದರು ಕೆಲವರು. "ಒಂದು ಕಮ್ಮಿ" ಎಂದ ಉಮಾಶಂಕರ, ಗೋಡೆಗೆ ಒರಗಿಕೊಂಡೇ. ಸಂಗೀತ ಅಲ್ಲ ಎಂದಳು, ಏನು ಎಂದು ಹೇಳಲಿಲ್ಲ. ಪೂಜ ನಿಂತವರನ್ನೂ ಕೂತವಳನ್ನೂ ನೋಡುತ್ತಾ ಬೆರಳು ಮಡಿಸುತ್ತಿದ್ದಳು.

ನಾನು ಯಾವುದನ್ನೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕಾದೆ.